ವೈನಿಯ ಮೂಗು

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅಡುಗೆ ಮಾಡುವಾಗ ಎಂದೂ ರುಚಿ ನೋಡಿದವರಲ್ಲ. ದೇವರಿಗೆ ಎಡೆ ಹಿಡಿಯುವ ಮುಂಚೆ ಬಾಯಿಗೆ ಹಾಕಿಕೊಂಡರೆ ಎಂಜಲಾಯಿತು ಎಂಬ ನೇಮ ಅವರದು. ಹಬ್ಬ ಹುಣ್ಣಿಮೆಗಷ್ಟೇ ಅಲ್ಲ, ದಿನದ ಬೇಳೆಗೂ ಅದೇ ಕಾನೂನು. ಉಪ್ಪು ಕೈಯಳತೆ, ಉಳಿದದ್ದೆಲ್ಲ ಮೂಗಳತೆ. ಮುಚ್ಚಳ ಸರಿಸಿ, ಸೆರಗನ್ನು ಎದೆಗೆ ಒತ್ತಿ ಹಿಡಿದು ಬಗ್ಗಿ, ಉಗಿಯನ್ನು ಒಮ್ಮೆ ಎಳೆದುಕೊಂಡರೆ ತೀರ್ಪು ಬಂತು. "ಬ್ಯಾಳಿ ಇನ್ನಾ ಹಸಿ ಅದ." "ಹುಳಿ ಮುಂದಾತು, ಜರಾ ಬೆಲ್ಲ ಬೇಕು." ಎಂಜಲು ಬಾಯಿಗೆ ಮಾತ್ರ, ಮೂಗಿಗಿಲ್ಲ ಎಂಬ ಶಾಸ್ತ್ರವೂ ಅವರದೇ.

ಹಾಗಂತ ಅವರ ಅಡುಗೆಯನ್ನು ಮನೆಯಲ್ಲಿ ಯಾರಾದರೂ ಹೊಗಳುತ್ತಿದ್ದರು ಅಂದುಕೊಳ್ಳಬೇಡಿ. ಅಣ್ಣನಿಗೆ ತಾಟಿನ ಮುಂದೆ ಕುಳಿತರೆ ತಪ್ಪು ಹುಡುಕದೆ ಅನ್ನ ಇಳಿಯುತ್ತಿರಲಿಲ್ಲ. "ಉಪ್ಪು ಜರಾ ಕಮ್ಮಿ ಆಗ್ಯಾದ" ಅನ್ನುತ್ತಿದ್ದ. "ನಾಲಿಗಿ ತೊಳಕೊಂಡು ಬರ್ರಿ" ಎಂದು ವೈನಿ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದರು. ಅಣ್ಣ ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದ. ಅವರಿಬ್ಬರ ಸಂಸಾರದ ಪ್ರೀತಿಯೆಲ್ಲ ಈ ಎರಡು ಮಾತಿನಲ್ಲೇ ಮುಗಿಯುತ್ತಿತ್ತೇನೋ ಎಂದು ನನ್ನ ಹೆಂಡತಿ ನಗುತ್ತಿದ್ದಳು.

ವೈನಿ ಚಿಂಚೋಳಿ ಕಡೆಯವರು. ಅವರು ಮದುವೆಯಾಗಿ ಸೇಡಂಗೆ ಬಂದಾಗ ನಾನು ಎಂಟನೆಯ ಇಯತ್ತೆ ಓದುತ್ತಿದ್ದೆ. ನನ್ನ ತಾಯಿ ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ. ಅವತ್ತಿನಿಂದ ನನಗೆ ಉಣ್ಣಿಸಿದ್ದು, ಬೈದದ್ದು, ಓದಿಸಿದ್ದು ಅವರೇ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ನನಗೆ ಎರಡೂ ಒಂದೇ ಕೈಯಿಂದ ಬಂದವು. ಈಗ ಊರಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ಇಪ್ಪತ್ತು ವರ್ಷದಿಂದ ಗುಳಿಗೆ ಮಾರುತ್ತ ಬಂದಿದ್ದರಿಂದ ಜನ ನನ್ನನ್ನು ಅರ್ಧ ಡಾಕ್ಟರ್ ಎಂದೇ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ನೀಮ್ ಹಕೀಮ್ ಖತ್ರೆ ಜಾನ್ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ, ಅರೆ ವೈದ್ಯನಿಂದ ಜೀವಕ್ಕೇ ಅಪಾಯ ಅಂತ. ಅದು ನನಗೇ ಹೇಳಿದ ಮಾತೆಂದು ಗೊತ್ತಾಗಲು ವೈನಿ ಬೀಳಬೇಕಾಯಿತು.

ಶ್ರಾವಣ ಮುಗಿದ ವಾರ. ಭಂಕೂರಿನಲ್ಲಿ ಬಳಗದವರೊಬ್ಬರ ಮನೆಯ ತೊಟ್ಟಿಲ ಕಾರ್ಯಕ್ರಮ ಮುಗಿಸಿ ನಾನೂ ವೈನಿಯೂ ನನ್ನ ಬೈಕಿನಲ್ಲಿ ವಾಡಿ ದಾರಿ ಹಿಡಿದು ಮನೆಗೆ ಬರುತ್ತಿದ್ದೆವು. ಮಧ್ಯಾಹ್ನದ ಮೂರು ಗಂಟೆ ಇರಬೇಕು. ಹೆಲ್ಮೆಟ್ ಒಂದೇ ಇತ್ತು, ಅದು ನನ್ನ ತಲೆಯ ಮೇಲಿತ್ತು. ಹೊರಡುವಾಗ ಹಾಕಿಕೊಳ್ಳುತ್ತೀರಾ ಎಂದು ಒಂದು ಮಾತಿಗೆ ಕೇಳಿದ್ದೆ. "ನನ್ನ ತಲಿ ಮ್ಯಾಲ ಸೆರಗು ಅದ, ಸಾಕು ನಡಿ" ಎಂದು ವೈನಿ ನಕ್ಕಿದ್ದರು. ಒಂದು ಬದಿಗೆ ಕಾಲು ಇಳಿಬಿಟ್ಟು ಕುಳಿತಿದ್ದರು. ತೊಡೆಯ ಮೇಲೆ ಬಳಗದವರು ಕಟ್ಟಿಕೊಟ್ಟ ಸಿಹಿಯ ಸ್ಟೀಲ್ ಡಬ್ಬಿ, ಎರಡೂ ಕೈ ಡಬ್ಬಿಯ ಮೇಲೆ. ನಮ್ಮ ಹೆಣ್ಣುಮಕ್ಕಳು ಬೈಕಿನಲ್ಲಿ ಗಾಡಿಯನ್ನು ಹಿಡಿದು ಕೂಡುವುದಿಲ್ಲ, ತಂದ ಪದಾರ್ಥವನ್ನು ಹಿಡಿದು ಕೂಡುತ್ತಾರೆ.

ಕಲ್ಲಿನ ಲಾರಿಯೊಂದರ ಧೂಳಿನಲ್ಲಿ ರಸ್ತೆ ಉಬ್ಬು ಕಾಣಲಿಲ್ಲ. ಗಾಡಿ ಹಾರಿತು. ನಾನು ಸಾವರಿಸಿಕೊಂಡು ಹಿಂದೆ ನೋಡಿದರೆ ಸೀಟು ಖಾಲಿ. ವೈನಿ ಅಂಗಾತ ಬಿದ್ದಿದ್ದರು, ಡಬ್ಬಿಯನ್ನು ಎದೆಗೆ ಅವುಚಿಕೊಂಡೇ.

ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಓಡಿ ಬಂದರು. "ಉಳ್ಳಾಗಡ್ಡಿ ಜಜ್ಜಿ ಮೂಗಿಗಿ ಹಿಡೀರಿ" ಎಂದು ಒಬ್ಬಾಕೆ ತನ್ನ ಬುತ್ತಿಯ ಗಂಟಿನಿಂದ ಈರುಳ್ಳಿ ತೆಗೆದು ಕಲ್ಲಿನಿಂದ ಜಜ್ಜಿ ವೈನಿಯ ಮೂಗಿಗೆ ಒತ್ತಿದಳು. ನಮ್ಮ ಕಡೆ ಯಾರೇ ಎಚ್ಚರ ತಪ್ಪಲಿ, ಮೊದಲ ಔಷಧ ಅದೇ. ಸ್ವಲ್ಪ ಹೊತ್ತಿಗೆ ವೈನಿ ಕಣ್ಣು ಬಿಟ್ಟರು. ಜನ "ಬಂತು ಬಂತು, ಎಚ್ಚರ ಬಂತು" ಅಂದರು. ಆದರೆ ಆ ಘಾಟು ಉಳ್ಳಾಗಡ್ಡಿ ಮೂಗಿಗೆ ಅಂಟಿಕೊಂಡಿದ್ದರೂ ವೈನಿ ಮುಖ ತಿರುಗಿಸಲಿಲ್ಲ. ಕಣ್ಣಲ್ಲಿ ನೀರು ಬಂತು, ಮೂಗು ಮಾತ್ರ ಮುದುಡಲಿಲ್ಲ. ಅದನ್ನು ನಾನು ನೋಡಿದೆ, ನೋಡಿಯೂ ಏನೂ ತಿಳಿಯಲಿಲ್ಲ.

ರಕ್ತ ಬಂದಿರಲಿಲ್ಲ. ರಕ್ತ ಬರದಿದ್ದರೆ ಪೆಟ್ಟು ಸಣ್ಣದು ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. ಕುತ್ತಿಗೆ ಅಲುಗದಂತೆ ಮಲಗಿಸಿ ಆಂಬುಲೆನ್ಸಿಗೆ ಕಾಯಬೇಕಿತ್ತು. ಅದು ಬಿಟ್ಟು ಎತ್ತಿ ಆಟೋದಲ್ಲಿ ಕೂಡಿಸಿಕೊಂಡು ವಾಡಿಗೆ ಹೊರಟೆ. ದಾರಿಯುದ್ದ ಒಂದೇ ಪ್ರಶ್ನೆ. "ಡಬ್ಬಿ ಎಲ್ಲಿ ಅದೋ?"

"ನಿಮ್ಮ ತೊಡಿ ಮ್ಯಾಲೇ ಅದರಿ ವೈನಿ."

ಹೌದಾ ಎಂದು ಮುಟ್ಟಿ ನೋಡುತ್ತಿದ್ದರು. ಎರಡು ನಿಮಿಷಕ್ಕೆ ಮತ್ತೆ "ಡಬ್ಬಿ ಎಲ್ಲಿ ಅದೋ?" ಮೂರನೆಯ ಸಲ ನನಗೆ ನಗು ಬಂದಿತ್ತು. ಹತ್ತನೆಯ ಸಲಕ್ಕೆ ಆಟೋದವನಿಗೆ ಇನ್ನೂ ಜೋರಾಗಿ ಓಡಿಸು ಅಂದೆ. ಅಷ್ಟರಲ್ಲಿ ವಾಂತಿ ಶುರುವಾಯಿತು. ವಾಡಿಯಲ್ಲಿ ನೋಡಿದವರು ತಡಮಾಡದೆ ಕಲಬುರಗಿಗೆ ಕಳಿಸಿದರು.

ಸ್ಕ್ಯಾನಿನಲ್ಲಿ ಕಂಡದ್ದು ಹಣೆಯ ಹಿಂದೆ, ಮೆದುಳಿನ ತಳಭಾಗದಲ್ಲಿ ಒಂದು ಸಣ್ಣ ರಕ್ತದ ಕಲೆ. ಪೆಟ್ಟು ಬಿದ್ದದ್ದು ಹಿಂದಲೆಗೆ, ಕಲೆ ಮುಂದೆ ಹೇಗೆ ಎಂದು ಅಣ್ಣ ಕೇಳಿದ. ಅಲ್ಲಿನ ನರರೋಗದ ಡಾಕ್ಟರಮ್ಮ ಬೇಸರಿಸದೆ ಹೇಳಿದರು. "ಬಸ್ಸಿನ್ಯಾಗ ನಿಂತೀರಿ, ಡ್ರೈವರ್ ಗಪ್ಪನೆ ಬ್ರೇಕ್ ಹಾಕಿದ್ರ ಬಸ್ ನಿಂತರೂ ನೀವು ನಿಲ್ಲಂಗಿಲ್ಲ, ಹೌದಿಲ್ಲ? ತಲಿ ನಿಂತರೂ ಒಳಗಿನ ಮೆದುಳು ನಿಲ್ಲಂಗಿಲ್ಲ." ಆಪರೇಷನ್ ಬೇಕಾಗಲಿಲ್ಲ. ಮರುದಿನದ ಸ್ಕ್ಯಾನಿನಲ್ಲಿ ಕಲೆ ಬೆಳೆದಿರಲಿಲ್ಲ. ಒಂದು ವಾರಕ್ಕೆ ಮನೆಗೆ ಕರೆತಂದೆವು. ಕೈಕಾಲು ನೆಟ್ಟಗಿವೆ, ಮಾತು ಸರಿಯಿದೆ, ಎಲ್ಲರನ್ನೂ ಗುರುತಿಸುತ್ತಾರೆ. ಗೆದ್ದೆವು ಅಂದುಕೊಂಡೆ.

ಗೆದ್ದಿರಲಿಲ್ಲ. ವೈನಿ ಬೇಗ ದಣಿಯುತ್ತಿದ್ದರು. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಸಣ್ಣ ಮಾತಿಗೂ ಸಿಡುಕು. ಎಲ್ಲಕ್ಕಿಂತ ಮೇಲೆ ತಲೆಶೂಲೆ. ನೆತ್ತಿಯಿಂದ ಶುರುವಾಗಿ ಕಣ್ಣಿನ ಹಿಂದೆ ಇಳಿದು ಕೂಡುತ್ತಿತ್ತು. ಹೇಳಿಕೊಳ್ಳುವವರಲ್ಲ ಅವರು, ಆದರೆ ಹಣೆಗೆ ಸೆರಗು ಬಿಗಿದು ಕಟ್ಟಿದ್ದು ಕಂಡರೆ ನಾನು ಅಂಗಡಿಯಿಂದ ಗುಳಿಗೆ ತರುತ್ತಿದ್ದೆ. ಮೊದಲು ದಿನಕ್ಕೊಂದು, ಆಮೇಲೆ ಎರಡು, ಆಮೇಲೆ ಅದಕ್ಕಿಂತ ಗಟ್ಟಿಯದು. ಬೀಳಿಸಿದ್ದು ನಾನು, ಅಷ್ಟಾದರೂ ಮಾಡಬೇಡವೇ? ಬೇರೆಯವರಿಗೆ ಡಾಕ್ಟರ ಚೀಟಿ ಕೇಳುವ ನಾನು ಮನೆಯವರಿಗೆ ಚೀಟಿ ಕೇಳಲಿಲ್ಲ. ಡಾಕ್ಟರಮ್ಮ ತಿಂಗಳಿಗೆ ತೋರಿಸಲು ಹೇಳಿದ್ದರು. ಔಷಧಿ ಮನೆಯಲ್ಲೇ ಇದೆಯಲ್ಲ ಎಂದು ಅದನ್ನೂ ಮುಂದೂಡಿದೆ.

ಹೀಗೇ ಎಳ್ಳಮವಾಸ್ಯೆ ಬಂತು. ನಮ್ಮ ಸೀಮೆಗೆ ಅದು ದೊಡ್ಡ ಹಬ್ಬ. ಹೊಲದಲ್ಲಿ ನಿಂತ ಬೆಳೆಗೆ ಮೊದಲ ಅಡುಗೆಯನ್ನು ಚರಗವಾಗಿ ಚೆಲ್ಲಿ, ಭೂಮಿತಾಯಿಗೆ ಉಣ್ಣಿಸಿ, ಆಮೇಲೆ ನಾವು ಉಣ್ಣಬೇಕು. ಅವತ್ತಿನ ಮುಖ್ಯ ಅಡುಗೆ ಭಜ್ಜಿ. ಹಸಿ ತೊಗರಿಕಾಳು, ಅವರೆಕಾಳು, ಕಡಲೆ ಸೊಪ್ಪು, ಮೆಂತ್ಯ, ಬದನೆ, ಗಜ್ಜರಿ, ಹೊಲದಲ್ಲಿ ಏನೇನು ಕಾಣುತ್ತದೋ ಅದೆಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ಭೂಮಿತಾಯಿ ಉಣ್ಣುವ ಮುಂಚೆ ಯಾರ ನಾಲಿಗೆಗೂ ಅದು ತಾಗುವಂತಿಲ್ಲ. ವೈನಿಯ ಮೂಗಿಗೆ ವರ್ಷದ ದೊಡ್ಡ ಪರೀಕ್ಷೆ ಅದೇ.

ಮಳಖೇಡದ ಹತ್ತಿರ, ಕಾಗಿಣಾ ಹೊಳೆಯ ದಂಡೆಯ ನಮ್ಮ ಹೊಲದಲ್ಲಿ ಪಂಕ್ತಿ ಕೂತೆವು. ಮೊದಲ ತುತ್ತಿಗೇ ಗೊತ್ತಾಯಿತು. ಉಪ್ಪು ಎರಡು ಸಲ ಬಿದ್ದಿತ್ತು. ತಳ ಹತ್ತಿದ ಕಮಟು ಇಡೀ ಭಜ್ಜಿಗೆ ಇಳಿದಿತ್ತು. ನಾನು ಅಣ್ಣನ ಮುಖ ನೋಡಿದೆ. ತಪ್ಪು ಹುಡುಕುವುದಕ್ಕೇ ಹುಟ್ಟಿದಂತಿದ್ದ ಅಣ್ಣ ತಲೆ ತಗ್ಗಿಸಿ ಹೇಳಿದ, "ಭಾಳ ಛಲೋ ಆಗ್ಯಾದ." ನನ್ನ ಹೆಂಡತಿ "ಹೌದ್ರಿ ವೈನಿ, ಭಾಳ ರುಚಿ" ಅಂದಳು. ನಾನೂ ತಲೆದೂಗಿದೆ.

ವೈನಿ ಸೌಟು ಕೆಳಗಿಟ್ಟರು. "ಇಷ್ಟ್ ವರ್ಷ ಯಾರೂ ಒಂದಿನ ಛಲೋ ಅಂದಿದ್ದಿಲ್ಲ. ಇವತ್ತ ಎಲ್ಲಾರೂ ಅನ್ಲಿಕತ್ತೀರಿ. ಅಷ್ಟ್ ಕೆಟ್ಟಾದೇನು?"

ಆಮೇಲೆ ಅವರೇ ಹೇಳಿದರು, ತಗ್ಗಿದ ದನಿಯಲ್ಲಿ. ಬಿದ್ದ ದಿನದಿಂದ ಯಾವ ವಾಸನೆಯೂ ಬರುತ್ತಿಲ್ಲವಂತೆ. ಊದುಬತ್ತಿ ಇಲ್ಲ, ಒಗ್ಗರಣೆ ಇಲ್ಲ, ಹೊಸ ಸೀರೆ ಇಲ್ಲ, ಏನೂ ಇಲ್ಲ. ಹಾಲು ಕೆಟ್ಟಿದ್ದು ಒಡೆದ ಮೇಲೆ ಕಣ್ಣಿಗೆ ಕಂಡೇ ಗೊತ್ತಾಗುವುದು. ಒಮ್ಮೆ ಗ್ಯಾಸ್ ತೆರೆದೇ ಇತ್ತಂತೆ. "ಉಣ್ಣೂದು ಅರಿವಿ ಚಿಂದಿ ಜಗಿದಂಗ ಆಗ್ಯಾದ. ಹೇಳಿದ್ರ ನೀವೆಲ್ಲಾ ಅಡಗಿಮನಿ ಬಿಡಸ್ತೀರಿ ಅಂತ ಸುಮ್ಕಿದ್ದೆ." ಅವತ್ತೇ ಅಡುಗೆಮನೆಯನ್ನು ನನ್ನ ಹೆಂಡತಿಗೆ ಬಿಟ್ಟುಕೊಟ್ಟರು. ನಾವು ಯಾರೂ ಬಿಡಿಸಲಿಲ್ಲ, ನಮ್ಮ ಹೊಗಳಿಕೆ ಬಿಡಿಸಿತು.

ಆ ವಾರವೇ ಕಲಬುರಗಿಗೆ ಕರೆದೊಯ್ದೆ. ಡಾಕ್ಟರಮ್ಮ ಎಲ್ಲ ಕೇಳಿದರು. ಮೂಗಿನ ಮೇಲ್ಭಾಗದಲ್ಲಿ ಜರಡಿಯಂಥ ಒಂದು ತೆಳು ಎಲುಬು ಇದೆಯಂತೆ. ವಾಸನೆಯ ನರಗಳು ಕೂದಲೆಳೆಯಂತೆ ಅದರ ತೂತುಗಳಿಂದ ಮೆದುಳಿಗೆ ಏರುತ್ತವೆ. ಮೆದುಳು ಜಾರಿದಾಗ ಆ ಎಳೆಗಳು ಹರಿದುಹೋಗುತ್ತವೆ. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿಯುತ್ತವೆ, ಉಳಿದ ರುಚಿಯೆಲ್ಲ ಮೂಗಿನದೇ. ಉಪ್ಪು ಎರಡು ಸಲ ಹಾಕಿದ್ದು ಮಾತ್ರ ಮೂಗಿನ ತಪ್ಪಲ್ಲ, ಹಾಕಿದ್ದು ನೆನಪಿನಲ್ಲಿ ನಿಂತಿಲ್ಲ, ಈ ಪೆಟ್ಟಿನಲ್ಲಿ ಅದೂ ಸಹಜ ಅಂದರು. ವಾಸನೆ ಮರಳುತ್ತದೆಯೇ ಎಂದು ನಾನು ಕೇಳಿದೆ. ಕೆಲವರಿಗೆ ಮರಳುತ್ತದೆ, ಕೆಲವರಿಗೆ ಇಲ್ಲ, ಮಾತು ಕೊಡಲಾರೆ ಅಂದರು.

ಆಮೇಲೆ ತಲೆನೋವಿಗೆ ಏನು ಕೊಡುತ್ತಿದ್ದೀರಿ ಎಂದು ಕೇಳಿದರು. ನಾನು ಹುರುಪಿನಿಂದ ಹೆಸರು ಹೇಳುತ್ತ ಹೋದೆ. ಅವರು ಪೆನ್ನು ಕೆಳಗಿಟ್ಟರು. "ಮೊದಲ ಇದ್ದ ನೋವು ಪೆಟ್ಟಿಂದು. ಈಗಿರೋ ನೋವಿನ್ಯಾಗ ಅರ್ಧ ನಿಮ್ಮ ಗುಳಿಗಿದು. ನೋವಿನ ಗುಳಿಗಿ ದಿನಾ ತಗೊಂಡ್ರ ತಲಿನೋವು ಅದನ್ನೇ ಕೇಳ್ಕೊಂಡು ಬರ್ತದ." ಅದೆಲ್ಲ ಪೂರ್ತಿ ನಿಲ್ಲಿಸಬೇಕು, ಮೊದಲ ಹತ್ತು ದಿನ ನೋವು ಹೆಚ್ಚಾಗುತ್ತದೆ, ಎದೆಗುಂದಬಾರದು ಅಂದರು. ಮಲಗುವ ಮುಂಚೆ ಒಂದು ಬೇರೆ ಸಣ್ಣ ಗುಳಿಗೆ ಬರೆದರು. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಸ್ವಲ್ಪ ನಡಿಗೆ. ದಿನವೂ ನೋವು ಎಷ್ಟೆಂದು ಹತ್ತರೊಳಗೆ ಒಂದು ಅಂಕಿ ಬರೆದಿಡಿ ಅಂದರು. ನನ್ನ ಇಪ್ಪತ್ತು ವರ್ಷದ ಅರ್ಧ ಡಾಕ್ಟರಿಕೆ ಆ ಕುರ್ಚಿಯಲ್ಲೇ ಕೆಳಗಿಳಿಯಿತು.

"ನೋವಿಗೆಂಥಾ ಅಂಕಿ?" ಎಂದು ವೈನಿ ಒಪ್ಪಲಿಲ್ಲ. ಕೊನೆಗೆ ತೊಗರಿಕಾಳು ಹಿಡಿದರು. ಸಂಜೆ ಒಂದು ಬಟ್ಟಲಿನಲ್ಲಿ ಅವತ್ತಿನ ನೋವಿನಷ್ಟು ಕಾಳು ಹಾಕಿ ಇಡುತ್ತಿದ್ದರು, ನಾನು ಎಣಿಸಿ ಬರೆಯುತ್ತಿದ್ದೆ. ಗುಳಿಗೆ ನಿಲ್ಲಿಸಿದ ಮೂರನೆಯ ದಿನ ಒಂಬತ್ತು ಕಾಳು. ನಾಲ್ಕನೆಯ ದಿನ ಕಾಳು ಎಣಿಸಲಿಲ್ಲ, ಮುಷ್ಟಿಯೇ ಹಾಕಿದ್ದರು.

ಐದನೆಯ ದಿನ ಬಿಸಿಲು ನೆತ್ತಿಗೇರಿದ ಹೊತ್ತು. ಅಂಗಡಿ ಮುಂದೆ ಯಾರೋ ಕಣ್ಣು ಮುಚ್ಚುವಷ್ಟು ಸೆರಗು ಎಳೆದುಕೊಂಡು ನಿಂತಿದ್ದರು. ವೈನಿ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅಂಗಡಿಗೆ ಬಂದವರಲ್ಲ.

"ಒಳಗ ಬರ್ರಿ ವೈನಿ, ಕುಂದ್ರಿ."

"ಕುಂದ್ರಲಿಕ್ಕಿ ಬಂದಿಲ್ಲ. ಗಿರಾಕಿ ಆಗಿ ಬಂದೀನಿ. ಒಂದ್ ಗುಳಿಗಿ ಕೊಡು."

"ಡಾಕ್ಟರಮ್ಮ ಬ್ಯಾಡ ಅಂದಾರ್ರಿ."

"ಒಂದೇ ಒಂದು."

ನಾನು ಇಲ್ಲ ಅಂದೆ. ನನ್ನ ಬೆನ್ನ ಹಿಂದಿನ ಕಪಾಟು ತುಂಬ ಅದೇ ಗುಳಿಗೆ ಇತ್ತು. ವೈನಿ ಸೆರಗು ಸರಿಸಿ ನನ್ನನ್ನು ನೋಡಿದರು. "ಕೆಡವಿದಾಂವನೂ ನೀನೇ, ಈಗ ಇಲ್ಲ ಅನ್ನಾಂವನೂ ನೀನೇ." ಬಿದ್ದಾಗಿನಿಂದ ಆ ಮಾತನ್ನು ಅವರು ಆಡಿರಲಿಲ್ಲ. ಅದಕ್ಕೇ ನಾನು ಕಾದಿದ್ದೆನೇನೋ, ಕೇಳಿದ್ದೇ ಕಣ್ಣಲ್ಲಿ ನೀರು ಬಂತು. ಆದರೂ ಕೊಡಲಿಲ್ಲ. ಅಂಗಡಿಯ ಬಾಗಿಲು ಎಳೆದು ಅವರನ್ನು ಮನೆಗೆ ನಡೆಸಿಕೊಂಡು ಹೋದೆ. ಕಿಟಕಿಗೆ ಚಾದರ ಕಟ್ಟಿ ಕತ್ತಲೆ ಮಾಡಿದೆ, ಹಣೆಗೆ ತಣ್ಣೀರಿನ ಬಟ್ಟೆ ಹಾಕುತ್ತ ಕುಳಿತೆ. ನನಗೆ ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವರು ಮಾಡಿದ್ದೇ ಅದು.

ಹನ್ನೆರಡನೆಯ ದಿನ ಬಟ್ಟಲಿನಲ್ಲಿ ಐದು ಕಾಳು. ಎರಡು ತಿಂಗಳಿಗೆ ಮೂರು. ಒಂದು ಸಂಜೆ ಬಟ್ಟಲು ಖಾಲಿ ಇತ್ತು. ಮರೆತಿದ್ದಾರೆ ಎಂದು ಕೇಳಿದರೆ, "ಮರ್ತಿಲ್ಲ, ಇವತ್ತ ಇಲ್ಲ" ಅಂದರು. ಆ ಖಾಲಿ ಬಟ್ಟಲನ್ನು ಅಣ್ಣನಿಗೆ ತೋರಿಸಲು ಹೊಲದವರೆಗೆ ಬೈಕಿನಲ್ಲಿ ಹೋದ ಹುಚ್ಚ ನಾನು.

ನೋವು ಇಳಿಯಿತು, ಮೂಗು ತೆರೆಯಲಿಲ್ಲ. ಅದಕ್ಕೂ ಡಾಕ್ಟರಮ್ಮ ಒಂದು ಸಾಧನೆ ಹೇಳಿದ್ದರು. ನಾಲ್ಕು ಡಬ್ಬಿಯಲ್ಲಿ ನಾಲ್ಕು ಘಾಟಿನ ಪದಾರ್ಥ ಇಟ್ಟುಕೊಂಡು ಮುಂಜಾನೆ, ಸಂಜೆ ಒಂದೊಂದನ್ನೇ ಮೂಸಬೇಕು. ವಾಸನೆ ಬರದಿದ್ದರೂ ಸರಿ, ಮೂಸುವಾಗ ಆ ವಾಸನೆ ಹೇಗಿತ್ತೆಂದು ನೆನಪಿಸಿಕೊಳ್ಳಬೇಕು. ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆ, ಇಂಗು. ವೈನಿ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಮುಚ್ಚಳ ತೆಗೆದು ಕಣ್ಣು ಮುಚ್ಚುತ್ತಿದ್ದರು. ಹಂಬಲಿಸುವುದನ್ನೇ ಔಷಧಿಯಾಗಿ ಬರೆದುಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರನ್ನು ನೋಡುತ್ತ ನಾನೂ ಅದೇ ಸಾಧನೆ ಮಾಡುತ್ತಿದ್ದೆ. ನನಗೆ ಹಳೆಯ ವೈನಿ ಬೇಕಿತ್ತು. ಅಡುಗೆಮನೆಯಿಂದಲೇ ಮನೆಯನ್ನೆಲ್ಲ ಬೈದು ಆಳುತ್ತಿದ್ದವರು. ಅವರು ಕಣ್ಣೆದುರಿಗೇ ಕುಳಿತಿದ್ದರು, ಆದರೂ ಬೇಕಿತ್ತು.

"ನಾಲಿಗಿ ಕೆಲಸ ಮಾಡ್ತದಲ್ರಿ, ರುಚಿ ನೋಡಿ ಅಡಗಿ ಮಾಡ್ರಿ" ಎಂದು ಹಲವು ಸಲ ಹೇಳಿದೆ. "ಮೂಗು ಹೋತಂತ ನೇಮಾನೂ ಬಿಡಲೇನು?" ಎಂದು ಒಂದೇ ಉತ್ತರ.

ಮತ್ತೆ ಎಳ್ಳಮವಾಸ್ಯೆ ಬಂತು. ಹಿಂದಿನ ದಿನ ವೈನಿ ನನ್ನನ್ನು ಕರೆದು, "ನಾಳಿ ಭಜ್ಜಿ ನಾ ಮಾಡ್ತೀನಿ. ಮೂಗು ನಿಂದು" ಅಂದರು. ನನ್ನ ಹೆಂಡತಿ ಇದ್ದಾಳಲ್ಲ ಅಂದೆ. "ಆಕಿ ಆಮ್ಯಾಲ ಬಂದಾಕಿ. ನೀ ಎಂಟನೇ ಇಯತ್ತೆದಿಂದ ಆ ವಾಸನಿ ಉಂಡಾಂವ. ಒಂದ್ ಮಾತು, ಸುಳ್ಳು ಹೇಳಬ್ಯಾಡ."

ಮುಂಜಾನೆ ಒಲೆಯ ಮುಂದೆ ನಿಂತೆವು. ಉಪ್ಪು ಹಾಕಿದ್ದೇ ಉಪ್ಪಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟರು, ಎರಡನೆಯ ಸಲ ಕೈ ಹೋಗದಂತೆ. ಮುಚ್ಚಳ ಸರಿಸಿದರು. ನಾನು ಬಗ್ಗಿ ಉಗಿ ಎಳೆದುಕೊಂಡೆ. "ಸೊಪ್ಪು ಹಸಿ ಅದರಿ." ಮತ್ತೊಮ್ಮೆ. "ತಳ ಹಿಡಿಲಿಕತ್ತದ, ಉರಿ ಸಣ್ಣ ಮಾಡ್ರಿ." ಗಡಬಡಿಸಿ ಉರಿ ಇಳಿಸಿದರು. ಮೂರನೆಯ ಸಲ ಬಗ್ಗಿದೆ. ಬಂದಿತ್ತು, ಅದೇ ಹಳೆಯ ವಾಸನೆ.

"ಆತೇನು?"

"ಆತ್ರಿ. ಇಳಸ್ರಿ."

ಅವರು ಇಳಿಸಲಿಲ್ಲ. ಸೌಟು ಹಿಡಿದುಕೊಂಡೇ, "ಹೆಂಗ ಬರ್ಲಿಕತ್ತದ? ಬಿಡಿಸಿ ಹೇಳು" ಅಂದರು.

ಹಸಿ ಕಡಲೆ ಸೊಪ್ಪು, ಹುಣಸೆ ಎಂದೆಲ್ಲ ಹೇಳಿದೆ. ಅದು ಸಾಮಾನಿನ ಯಾದಿ ಆಯಿತು, ವಾಸನೆ ಆಗಲಿಲ್ಲ. ಕೊನೆಗೆ ಹೇಳಿದೆ, "ನೀವು ಈ ಮನಿಗಿ ಬಂದ ವರ್ಷ, ಚಳಿ ಅಂತ ನಾ ಚಾದರ ಹೊದ್ಕೊಂಡು ಬಂದು ಒಲಿ ಮುಂದ ಕುಂತಿದ್ದೆ. ಅಳ್ಲಿಕತ್ತಿದ್ದೆ. ನೀವು ಏನೂ ಕೇಳಲಿಲ್ಲ, ಮುಚ್ಚಳ ತೆಗದು ಉಗಿ ನನ್ನ ಮುಖಕ್ಕ ಬಿಟ್ರಿ. ಆವಾಗ ಬಂದಿತ್ತಲ್ರಿ, ಹಂಗ."

ವೈನಿ ಪಾತ್ರೆ ಇಳಿಸಿದರು.

ಹೊಲದಲ್ಲಿ ಚರಗ ಚೆಲ್ಲಿ ಬಂದು ಪಂಕ್ತಿ ಕೂತೆವು. ಅಣ್ಣ ಒಂದು ತುತ್ತು ಉಂಡ. ಇನ್ನೊಂದು ಉಂಡ. ಅವನು ತಾಟಿನಿಂದ ತಲೆ ಎತ್ತದೆ ಹೇಳಿದ, "ಉಪ್ಪು ಜರಾ ಕಮ್ಮಿ ಆಗ್ಯಾದ."

ನನ್ನ ಹೆಂಡತಿಯ ಕೈ ಅಲ್ಲೇ ನಿಂತಿತು. ವೈನಿ ಒಂದು ಗಳಿಗೆ ಅಣ್ಣನನ್ನೇ ನೋಡಿದರು. ಆಮೇಲೆ, "ನಾಲಿಗಿ ತೊಳಕೊಂಡು ಬರ್ರಿ, ಹೊಳಿ ಇಲ್ಲೇ ಅದ" ಅಂದರು. ಹೇಳುತ್ತಲೇ ನಗು ಬಂತು ಅವರಿಗೆ. ಬಿದ್ದ ದಿನದಿಂದ ನಾವು ಕೇಳದ ನಗು. ಅಣ್ಣ ತಾಟು ಮುಂದೆ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು, ಖಾರಕ್ಕೆ ಅಂತ ಅವನೇ ಹೇಳಿಕೊಂಡ.

ಎಲ್ಲರಿಗೂ ಬಡಿಸಿದ ಮೇಲೆ ವೈನಿ ಕುಳಿತರು. ಸಜ್ಜೆ ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿ, ಹಳೆಯ ರೂಢಿಯಂತೆ ಮೊದಲು ಮೂಗಿನ ಹತ್ತಿರ ಒಯ್ದರು. ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು. ನನ್ನಿಂದ ತಡೆಯಲಾಗಲಿಲ್ಲ.

"ಏನರ ಬಂತೇನ್ರಿ ವೈನಿ?"

"ಇಲ್ಲೋ" ಅಂದರು, ಕಣ್ಣು ತೆರೆಯದೆ. "ನೀ ಒಲಿ ಮುಂದ ಕುಂತದ್ದು ನೆನಪಾತು."